ಅಡುಗೆಮನೆ ಕಟ್ಟೆಯ ಮೇಲೆ ಬರ್ಬನ್

ಗ್ಯಾರೇಜಿನಲ್ಲಿ ಮಾಡುವುದಿಲ್ಲ ಎಂದು ಅಪ್ಪನಿಗೆ ಏಪ್ರಿಲ್ ತಿಂಗಳಲ್ಲೇ ಫೋನಿನಲ್ಲಿ ಹೇಳಿದ್ದೆ. ಸುತ್ತಿಬಳಸಿ ಹೇಳಿರಲಿಲ್ಲ, ನಗುತ್ತಾ ತೇಲಿಸಿಯೂ ಹೇಳಿರಲಿಲ್ಲ.

ಹಿಮವೆಲ್ಲ ಕರಗಿ, ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ ಮೇಲೆ ಕುರ್ಚಿ ಹಾಕುವಂತಾದಾಗ ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿ ಅಪ್ಪ ಅಮ್ಮ ಇರುವ ನಮ್ಮ ಮನೆಯಲ್ಲಿ ಒಂದು ಪಾರ್ಟಿ ಇರುತ್ತದೆ. ಹತ್ತು ಹನ್ನೆರಡು ಕನ್ನಡದ ಮನೆಯವರು ಬರುತ್ತಾರೆ. ಆ ವರ್ಷ ಅದು ಮೇ ತಿಂಗಳ ಮೊದಲ ಶನಿವಾರಕ್ಕೆ ಬಂತು. ಅದೇ ದಿನ ಕೆಂಟಕಿಯಲ್ಲಿ ಕುದುರೆ ರೇಸು. ಆ ರೇಸಿನ ದಿನ ಅಮೆರಿಕದ ದಕ್ಷಿಣದ ರಾಜ್ಯಗಳವರು ಕುಡಿಯುವುದು ಮಿಂಟ್ ಜೂಲೆಪ್. ಬರ್ಬನ್ ವಿಸ್ಕಿ, ಪುದೀನ, ಸಕ್ಕರೆ ನೀರು, ಪುಡಿ ಮಾಡಿದ ಐಸು. ನಾಲ್ಕೇ ವಸ್ತು. ನಾಲ್ಕೇ ಇರುವುದರಿಂದ ಯಾವುದು ಕೆಟ್ಟರೂ ಬಚ್ಚಿಡಲು ಜಾಗವಿಲ್ಲ. ಅದನ್ನು ನಾನು ಮಾಡುತ್ತೇನೆ ಎಂದೆ.

"ಮಾಡು, ಯಾರು ಬೇಡ ಅಂದ್ರು? ಗ್ಯಾರೇಜಲ್ಲಿ ಒಂದು ಟೇಬಲ್ ಹಾಕ್ತೀನಿ," ಎಂದರು ಅಪ್ಪ.

"ಗ್ಯಾರೇಜಲ್ಲಿ ಯಾಕಪ್ಪಾ? ಕಿಚನ್ನಲ್ಲಿ ಮಾಡ್ತೀನಿ. ಎಲ್ಲರ ಮುಂದೆ."

"ನಮ್ಮನೆ ಅಡುಗೆಮನೇಲಿ ಅದನ್ನೆಲ್ಲ ಮಾಡಲ್ಲ."

"ಮತ್ತೆ ನಿಮ್ಮ ಸ್ಕಾಚು?"

"ಅದು ಗ್ಯಾರೇಜಲ್ಲಿ ತಾನೇ ಇರೋದು?"

"ನಾನೂ ಅದನ್ನೇ ಹೇಳ್ತಿರೋದು."

"ಹಂಗಾದ್ರೆ ಬೇಡ ಬಿಡು. ಮ್ಯಾಂಗೋ ಜ್ಯೂಸ್ ತಂದಿಡ್ತೀನಿ."

"ನಾನು ಮಾಡ್ತೀನಿ ಅಪ್ಪಾ. ಹೇಳ್ದೆ ಕೇಳ್ದೆ ಮಾಡಿದ್ಲು ಅನ್ನಬೇಡಿ ಆಮೇಲೆ. ಈಗಲೇ ಹೇಳ್ತಿದೀನಿ."

ಗ್ಯಾರೇಜಿನ ವಿಷಯ ಹೇಳದಿದ್ದರೆ ನನ್ನ ಹಟ ಅರ್ಥವಾಗುವುದಿಲ್ಲ. ನಾವು ದಾವಣಗೆರೆಯಿಂದ ಇಲ್ಲಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಅಂದಿನಿಂದ ನೋಡುತ್ತಿದ್ದೇನೆ, ಯಾರ ಮನೆಗೆ ಹೋದರೂ ಒಂದೇ ಏರ್ಪಾಡು. ಹೆಂಗಸರು, ಮಕ್ಕಳು, ದೇವರು, ಊಟ ಒಳಗೆ. ಗಂಡಸರು ಗ್ಯಾರೇಜಿನಲ್ಲಿ ಇಲ್ಲವೇ ಬೇಸ್‌ಮೆಂಟಿನಲ್ಲಿ. ನಮ್ಮ ಮನೆಯಲ್ಲಿ ಹಿಮ ತಳ್ಳುವ ಯಂತ್ರದ ಪಕ್ಕ ಮಡಚುವ ಕುರ್ಚಿಗಳು, ಒಂದು ಸಣ್ಣ ಹೀಟರು, ಪೇಂಟ್ ಡಬ್ಬಗಳ ಹಿಂದೆ ಬಾಟಲಿ. ಒಳಗಿನಿಂದ ಯಾರಾದರೂ ಆಂಟಿ ಬಾಗಿಲು ತೆರೆದರೆ ಕೆಂಪು ಪ್ಲಾಸ್ಟಿಕ್ ಲೋಟಗಳೆಲ್ಲ ಒಟ್ಟಿಗೆ ಕುರ್ಚಿಯ ಕೆಳಗೆ ಹೋಗುತ್ತವೆ. ಆಂಟಿಯರಿಗೆ ಗೊತ್ತು. ಗೊತ್ತಿದೆಯೆಂದು ಅಂಕಲ್‌ಗಳಿಗೂ ಗೊತ್ತು. ಆದರೂ ಲೋಟ ಕೆಳಗೆ ಹೋಗಲೇಬೇಕು.

ಅವರು ಹೇಗಾದರೂ ಕುಡಿಯಲಿ, ನನಗೇನು ಎಂದು ನಾನೂ ಬಹಳ ಕಾಲ ಇದ್ದೆ. ಆದರೆ ಹಿಂದಿನ ಚಳಿಗಾಲದಲ್ಲಿ ಅಪ್ಪ ಅಮ್ಮ ನಾನು ಕೆಲಸ ಮಾಡುವ ಷಿಕಾಗೊ ಕಡೆ ಬಂದಿದ್ದಾಗ ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆವು. ಆ ಮನೆಯಾಕೆ, "ಈಗಿನ ಹುಡುಗೀರೂ ತಗೋತಾರಂತಲ್ಲ," ಎಂದರು. ಅಮ್ಮ ತಡವಿಲ್ಲದೆ, "ನಮ್ಮ ಹುಡುಗಿ ಅದರ ವಾಸನೆ ಕೂಡ ನೋಡಲ್ಲಪ್ಪ," ಎಂದಳು. ನಾನು ಅಲ್ಲೇ ನಿಂತಿದ್ದೆ. ನನ್ನ ಅಪಾರ್ಟ್‌ಮೆಂಟಿನ ಕಪಾಟಿನಲ್ಲಿದ್ದ ಮೂರು ಬಗೆಯ ಬರ್ಬನ್ ಬಾಟಲಿಗಳನ್ನು ಅಮ್ಮ ಎರಡು ದಿನದ ಹಿಂದೆ ತಾನೇ ಒರೆಸಿಟ್ಟಿದ್ದಳು. ನಾನು ಬಾಯಿ ಬಿಡಲಿಲ್ಲ. ನಾನಿರುವ ಲೊಂಬಾರ್ಡಿಗೆ ವಾಪಸು ಡ್ರೈವ್ ಮಾಡುವಾಗ ಅದನ್ನೇ ಯೋಚಿಸಿದೆ. ಸುಳ್ಳು ಹೇಳಿದವಳು ಅಮ್ಮ, ಆದರೆ ಅದನ್ನು ನಿಜ ಮಾಡಿದ್ದು ನನ್ನ ಮೌನ. ಇನ್ನೊಮ್ಮೆ ಹಾಗೆ ನಿಲ್ಲುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಇನ್ನೊಂದು ಮಾತು. ಜೂಲೆಪ್ ನನಗೆ ಯಾರೂ ಕಲಿಸಿದ್ದಲ್ಲ. ಗಣಿತಕ್ಕೆ ಟ್ಯೂಷನ್ ಇತ್ತು, ಸಂಗೀತಕ್ಕೆ ಕ್ಲಾಸ್ ಇತ್ತು, ಈಜುವುದಕ್ಕೂ ಒಬ್ಬ ಕೋಚ್ ಇದ್ದ. ಇದಕ್ಕೆ ಯಾರೂ ಇರಲಿಲ್ಲ. ಆಫೀಸು ಮುಗಿದ ಮೇಲೆ, ಲೈಬ್ರರಿಯ ಪುಸ್ತಕ ಕಟ್ಟೆಯ ಮೇಲೆ ತೆರೆದಿಟ್ಟುಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತದ್ದು. ಮೊದಲ ಸಲ ಪುದೀನ, ಸಕ್ಕರೆ ಎರಡನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದೆ. ಪುದೀನ ಕೈಗೆ ಬಂದರೆ ಚಟ್ನಿ ಮಾಡದೆ ಬಿಡುವ ಮನೆಯವಳಲ್ಲ ನಾನು. ಲೋಟದ ತುಂಬ ಹಸಿರು ಕೆಸರು. ಎರಡನೇ ಸಲ ಕುಟ್ಟಾಣಿಯಲ್ಲಿ ಕುಟ್ಟಿದೆ, ನಾಲಿಗೆಗೆ ಕಹಿ ಹತ್ತಿತು. ಎಷ್ಟೋ ಸಲ ಕೆಡಿಸಿದ ಮೇಲೆ ಕೈಗೆ ತಿಳಿಯಿತು: ಎಲೆಯನ್ನು ಜಜ್ಜಬಾರದು, ಲೋಟದ ತಳದಲ್ಲಿಟ್ಟು ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ ಬಿಡಬೇಕು. ಮೇಲೆ ಸಿಕ್ಕಿಸುವ ಕುಡಿಯನ್ನು ಎರಡು ಅಂಗೈ ನಡುವೆ ಇಟ್ಟು ಒಂದು ಚಪ್ಪಾಳೆ ತಟ್ಟಬೇಕು, ಅಷ್ಟಕ್ಕೇ ಘಮ ಏಳುತ್ತದೆ. ಸಕ್ಕರೆಗೆ ಸಮಸಮ ನೀರು, ಕರಗಿದ ಕೂಡಲೇ ಒಲೆ ಆರಿಸಬೇಕು. ಐಸು ದಪ್ಪ ರವೆಯ ಹಾಗಿರಬೇಕು. ದಕ್ಷಿಣದವರು ಬೆಳ್ಳಿ ಲೋಟ ಬಳಸುತ್ತಾರೆ, ಹೊರಮೈಗೆ ಹಿಮ ಕಟ್ಟಲಿ ಎಂದು. ನಮ್ಮ ಮನೆಯಲ್ಲಿ ಬೆಳ್ಳಿ ಲೋಟ ದೇವರ ಮನೆಯ ಸಾಮಾನು. ಅದನ್ನು ನಾನು ಕೇಳಲಿಲ್ಲ, ಜಗಳ ಅದರದ್ದಾಗಿರಲಿಲ್ಲ. ಸ್ಟೀಲ್ ಲೋಟಕ್ಕೂ ಹಿಮ ಚೆನ್ನಾಗಿ ಕಟ್ಟುತ್ತದೆ.

ಶನಿವಾರ ಬೆಳಗಿನ ಜಾವವೇ ಲೊಂಬಾರ್ಡ್ ಬಿಟ್ಟೆ. ಬಾಟಲಿಗಳು ಡಿಕ್ಕಿಯಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪುದೀನ ಪಕ್ಕದ ಸೀಟಿನಲ್ಲಿ. ಸುಮಾರು ಇನ್ನೂರೆಂಬತ್ತು ಮೈಲಿ. ಮಿಷಿಗನ್ ಒಳಗೆ ಬಂದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ, ನಮ್ಮ ಮನೆಗೆ ಹೋಗುವಾಗೆಲ್ಲ ಆ ಒಂದು ಗಂಟೆ ಕೈ ತಪ್ಪುತ್ತದೆ. ಅರ್ಧ ದಾರಿ ದಾಟಿದ ಮೇಲೆ, ಹಿಂದಿನ ದಿನವೇ ಮಾಡಿಟ್ಟಿದ್ದ ಸಕ್ಕರೆ ನೀರಿನ ಬಾಟಲಿ ಲೊಂಬಾರ್ಡಿನ ಫ್ರಿಜ್ಜಿನಲ್ಲೇ ಉಳಿದಿದೆಯೆಂದು ನೆನಪಾಯಿತು. ಅದೇನು ದೊಡ್ಡ ವಿಷಯ, ಅಲ್ಲಿ ಹೋಗಿ ಮಾಡಿದರಾಯಿತು ಎಂದುಕೊಂಡೆ.

ಮನೆ ಮುಟ್ಟಿದಾಗ ಅಮ್ಮ ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗೆ ಒಗ್ಗರಣೆ ಹಾಕುತ್ತಿದ್ದಳು. ಮುಖ ತಿರುಗಿಸದೆಯೇ, "ನಿಮ್ಮಪ್ಪ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ," ಎಂದಳು.

"ನಿನ್ನ ಹತ್ರ ಯಾಕೆ? ಜಗಳ ನನ್ನ ಹತ್ರ."

"ಇಬ್ಬರದೂ ಒಂದೇ ಹಟ. ಎಲ್ಲಿಡ್ತೀಯ ಅದನ್ನೆಲ್ಲ?"

"ನೀನೇ ಹೇಳು."

"ಸಿಂಕಿನ ಆ ಕಡೆ ಕಟ್ಟೆ ಮೇಲೆ ಇಟ್ಕೋ. ದೇವರ ಮನೆ ಬಾಗಿಲು ಹಾಕಿದೀನಿ. ಅನ್ನದ ಪಾತ್ರೆ ಹತ್ರ ತರಬೇಡ. ಮಿಕ್ಕಿದ್ದು ನೀನುಂಟು ನಿಮ್ಮಪ್ಪ ಉಂಟು, ನನ್ನನ್ನ ನಡುವೆ ಎಳೀಬೇಡ."

ಅಪ್ಪ ಗ್ಯಾರೇಜಿನಿಂದ ಬಂದರು. ನಾನು ಸ್ಟೀಲ್ ಲೋಟಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. "ಅಲ್ಲಿ ಟೇಬಲ್ ಹಾಕಿದೀನಿ. ಬಿಳಿ ಬಟ್ಟೆನೂ ಹಾಸಿದೀನಿ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಅದು ಕೋಪಕ್ಕಿಂತ ಕಷ್ಟದ್ದು.

"ನೋಡಿದೆ ಅಪ್ಪಾ. ನಾನು ಇಲ್ಲೇ ಇರ್ತೀನಿ."

"ಜನ ಬರ್ತಾರೆ."

"ಬರ್ಲಿ ಅಂತಾನೇ."

ಅವರು ಬರ್ಬನ್ ಬಾಟಲಿಯನ್ನು ಎತ್ತಿ, ಹಿಂದೆ ಬರೆದಿದ್ದನ್ನು ಓದಿ, ಇದ್ದ ಜಾಗದಲ್ಲೇ ಇಟ್ಟು ಹೋದರು.

ಮೂರು ಗಂಟೆಗೆ ಜನ ಬರತೊಡಗಿದರು. ಹೊರಗೆ ಅರವತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಹದಿನೈದೋ ಹದಿನಾರೋ. ಚಳಿಗಾಲ ಕಳೆದವರಿಗೆ ಅದು ಬೇಸಿಗೆ. ನಾನು ಸಕ್ಕರೆ, ನೀರು ಅಳೆದು ಸಣ್ಣ ಉರಿಯಲ್ಲಿಟ್ಟು, ಅಮ್ಮನಿಗೆ "ಇದನ್ನ ಸ್ವಲ್ಪ ನೋಡ್ತಿರು" ಎಂದು ಹೇಳಿ ಐಸು ಒಡೆಯಲು ಡೆಕ್‌ಗೆ ಹೋದೆ. ಐಸು ಒಡೆಯಲು ದಪ್ಪ ಬಟ್ಟೆಯ ಚೀಲ ಬೇಕು, ನೀರನ್ನು ಬಟ್ಟೆ ಹೀರಿಕೊಂಡು ಐಸು ಒಣಗಿ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಂಥ ಚೀಲಕ್ಕೆ ಬರವಿಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ತಾಂಬೂಲದ ಚೀಲಗಳು ಒಂದು ಡ್ರಾಯರ್ ತುಂಬ ಇವೆ. ದಪ್ಪದ್ದೊಂದನ್ನು ತೆಗೆದುಕೊಂಡು, ಐಸು ತುಂಬಿ, ಲಟ್ಟಣಿಗೆಯಿಂದ ನಾಲ್ಕು ಏಟು ಹಾಕಿದ್ದೆ, ಅಷ್ಟೇ. ಮೈಸೂರು ಕಡೆಯ ಡಾಕ್ಟರ್ ಆಂಟಿ ಒಬ್ಬರು ಬಾಗಿಲಿನಲ್ಲೇ ನಿಂತುಬಿಟ್ಟರು.

"ಏನೇ ಅದು, ಗಣಪತಿಗೆ ಲಟ್ಟಣಿಗೇಲಿ ಹೊಡೀತಿದೀಯ?"

ನೋಡಿದರೆ ಚೀಲದ ಮೇಲೆ ಅಚ್ಚು ಹಾಕಿದ್ದ ಗಣಪತಿಯ ಸೊಂಡಿಲಿನ ಮೇಲೆಯೇ ಏಟು ಬೀಳುತ್ತಿತ್ತು. ಐಸು ಸುರಿದು, ಚೀಲದ ಒಳಮೈ ಹೊರಗೆ ಬರುವಂತೆ ತಿರುಗಿಸಿ, ಮತ್ತೆ ತುಂಬಿದೆ.

"ಈಗ ಒಳಗಡೆ ಇದಾನಲ್ಲೇ ಅವನು."

"ಒಳಗೆ ತಣ್ಣಗಿದಾನೆ ಆಂಟಿ."

"ಯಾತಕ್ಕೆ ಐಸು?"

"ಜೂಲೆಪ್‌ಗೆ. ಬರ್ಬನ್ ಹಾಕಿ ಮಾಡೋದು. ವಿಸ್ಕಿ."

"ಅಂಕಲ್‌ಗಳಿಗಾ?"

"ಯಾರಿಗೆ ಬೇಕೋ ಅವರಿಗೆ."

ಆಂಟಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. "ನೀನು ತಗೋತೀಯ?"

ವುಡ್‌ರಿಡ್ಜ್‌ನಲ್ಲಿ ಕೇಳಿದ್ದ ಪ್ರಶ್ನೆಯೇ ಇದು, ಈ ಸಲ ನೇರವಾಗಿ ನನಗೇ ಬಂದಿತ್ತು. ಹೇಳಿಬಿಟ್ಟೆ. "ಹೂಂ ಆಂಟಿ. ಎರಡು ವರ್ಷ ಆಯ್ತು." ಹಿಂದೆ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಸೌಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಐಸಿನ ಬೋಗುಣಿ ಹೊತ್ತು ಒಳಗೆ ಬಂದಾಗ ಅಮ್ಮ ನನ್ನತ್ತ ನೋಡಲಿಲ್ಲ. ಸಕ್ಕರೆ ನೀರನ್ನು ಒಂದು ಜಗ್ಗಿಗೆ ಸುರಿದು ಕಟ್ಟೆಯ ಮೇಲಿಟ್ಟಿದ್ದಳು. ಅಡುಗೆಮನೆಯಲ್ಲಿ ಎಂಟು ಹತ್ತು ಆಂಟಿಯರು, ಕೈಯಲ್ಲಿ ಕೋಸಂಬರಿ ತಟ್ಟೆ. ಯಾರೂ ನನ್ನ ಕಡೆ ಬರುತ್ತಿಲ್ಲ, ಯಾರೂ ಅಲ್ಲಿಂದ ಹೋಗುತ್ತಲೂ ಇಲ್ಲ. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ತೆರೆದು ಧಾರವಾಡದ ಅಂಕಲ್ ಒಬ್ಬರು ಬಂದರು. ಅಪ್ಪನ ಹಳೆಯ ಸ್ನೇಹಿತರು, ಬಾಯಿ ಸುಮ್ಮನಿರುವವರಲ್ಲ.

"ಏನವಾ, ನಿಮ್ಮಪ್ಪ ಅಲ್ಲಿ ಮುಖಾ ಗಂಟ್ ಹಾಕ್ಕೊಂಡು ಕುಂತಾನ. ಇಲ್ಲಿ ಮಜ್ಜಿಗಿ ಲೋಟದಾಗ ವಿಸ್ಕಿ ಹಂಚಾಕತ್ತೀಯಂತ. ಕೊಡು ನೋಡೂಣು."

"ಇಲ್ಲೇ ನಿಂತು ಕುಡೀಬೇಕು ಅಂಕಲ್. ಆ ಕಡೆ ತಗೊಂಡು ಹೋಗೋ ಹಾಗಿಲ್ಲ."

"ಏ, ಷರತ್ತ ಬ್ಯಾರೆ. ಆತು ಹಾಕು."

ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿತ್ತು. ಪುದೀನ ಹಾಕಿದೆ, ಒತ್ತಿದೆ. ಜಗ್ಗಿನಿಂದ ಅರ್ಧ ಔನ್ಸ್ ಸುರಿದೆ. ಅದು ನಿಧಾನಕ್ಕೆ ಇಳಿಯಿತು. ಆಗಲೇ ಅನುಮಾನ ಬರಬೇಕಿತ್ತು, ಕೈ ಆತುರದಲ್ಲಿತ್ತು. ಎರಡು ಔನ್ಸ್ ಬರ್ಬನ್, ಗುಡ್ಡದಂತೆ ಐಸು, ಸ್ವಲ್ಪ ಕದಡಿ, ಪುದೀನದ ಕುಡಿಗೆ ಚಪ್ಪಾಳೆ, ಮೂಗು ಎಲೆಗೆ ತಾಗುವಂತೆ ಒಂದು ಗಿಡ್ಡ ಸ್ಟ್ರಾ. ಲೋಟದ ಹೊರಮೈ ಬೆಳ್ಳಗಾಯಿತು. ನೋಡಲು ಪುಸ್ತಕದಲ್ಲಿದ್ದ ಹಾಗೆಯೇ ಇತ್ತು.

ಅಂಕಲ್ ಎಳೆದರು. ಏನೂ ಬರಲಿಲ್ಲ. ಕೆನ್ನೆ ಒಳಗೆ ಹೋಗುವಷ್ಟು ಎಳೆದರು. ಸ್ಟ್ರಾ ಹೊರಗೆ ತೆಗೆದು ಎತ್ತಿ ಹಿಡಿದರೆ ಅದರ ತುದಿಯಿಂದ ಲೋಟದ ತಳದವರೆಗೆ ಗಾಜಿನಂಥ ಉದ್ದದ ಎಳೆ. ತಳದಲ್ಲಿ ಪುದೀನ ಎಲ್ಲ ಒಂದು ಉಂಡೆಯಾಗಿ ಅಂಟಿಕೊಂಡಿತ್ತು.

"ಇದೇನ್ ಕುಡಿಯೂದ ಚಾಕ್ಲೇಟ?" ಎಂದರು ಅಂಕಲ್. ಅಡುಗೆಮನೆಯೆಲ್ಲ ನಕ್ಕಿತು. "ಬಾರವಾ, ಗ್ಯಾರೇಜಿಗೆ ನಡಿ. ನಿಮ್ಮಪ್ಪನ ಸ್ಕಾಚರೆ ಗಂಟಲದಾಗ ಇಳೀತೈತಿ."

ನಗು ಕೆಟ್ಟದಾಗಿರಲಿಲ್ಲ. ಆದರೆ ನಾನು ಆ ಕಟ್ಟೆ ಬಿಟ್ಟು ಹೋದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು ಎಂಬುದು ಆ ನಗುವಿನಲ್ಲಿ ಕೇಳುತ್ತಿತ್ತು. ಹುಡುಗಿ ಏನೋ ಮಾಡಲು ಹೋದಳು, ಆಗಲಿಲ್ಲ, ಮುಗಿಯಿತು. ನಾನು ಜಗ್ಗಿನೊಳಗೆ ಬೆರಳದ್ದಿ, ಹೆಬ್ಬೆರಳಿಗೆ ಒತ್ತಿ ಬಿಡಿಸಿದೆ. ಎಳೆ ಬಂತು. ಒಂದೆಳೆ ಪಾಕ. ಲಾಡುವಿಗೆ ತೆಗೆಯುವ ಹದ, ಒಂದಿಷ್ಟೂ ಆಚೀಚೆ ಇಲ್ಲ. ಏಲಕ್ಕಿ ವಾಸನೆ ಬೇರೆ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಲೆಯ ಹತ್ತಿರದಿಂದ ಹೇಳಿದಳು. "ಅದು ಅವಳ ತಪ್ಪಲ್ಲ. ಪಾಕ ನಾನು ಮಾಡಿದ್ದು."

ನಗು ನಿಂತಿತು. "ನೀನಾ?" ಎಂದರು ಡಾಕ್ಟರ್ ಆಂಟಿ.

"ನೀರು ನೀರಾಗಿತ್ತು ಕಣ್ರೀ. ಪಾಕ ಅಂದ್ರೆ ಎಳೆ ಬರಬೇಡ್ವಾ? ಅದಕ್ಕೇ ಕಾಯಿಸಿ ಎಳೆ ತೆಗೆದೆ. ಏಲಕ್ಕಿನೂ ಹಾಕಿದೆ."

"ವಿಸ್ಕಿಗೆ ಅಂತ ಗೊತ್ತಿದ್ದೂ?"

ಅಮ್ಮ ಸೌಟನ್ನು ತಟ್ಟೆಯ ಮೇಲಿಟ್ಟಳು. ಇಲ್ಲ, ನನಗೇನು ಗೊತ್ತು, ಪಾಯಸಕ್ಕೆ ಅಂದುಕೊಂಡೆ ಎಂದು ಅವಳು ಹೇಳಬಹುದಿತ್ತು. ಹೇಳುತ್ತಾಳೆ ಎಂದೇ ನಾನು ಕಾದಿದ್ದೆ. "ಗೊತ್ತಿತ್ತು. ನೋಡ್ತಿರು ಅಂದ್ಲು, ನೋಡಿದೆ. ನನ್ನ ಮನೇಲಿ ಮಾಡೋದು ಹದವಾಗಿರಲಿ ಅಂತ ಮಾಡಿದೆ. ಈಗೇನು?" ಎಂದಳು. ಆಮೇಲೆ ನನಗೆ, "ಏನ್ ನೋಡ್ತಾ ನಿಂತಿದೀಯ, ಬಿಸಿನೀರು ಹಾಕಿದ್ರೆ ಸಡಿಲ ಆಗುತ್ತೆ. ಕೆಟಲ್ ಅಲ್ಲಿದೆ."

ಬಿಸಿನೀರು ಹಾಕಿ ಕದಡಿದೆ. ಒಂದು ಲೋಟ, ಅದರ ಮೇಲೆ ಇನ್ನೂ ಅರ್ಧ. ಐಸಿನ ಬೋಗುಣಿಯಲ್ಲಿಟ್ಟು ಆರಿಸಿದೆ. ಜೂಲೆಪ್‌ನಲ್ಲಿ ಏಲಕ್ಕಿ ಇರಬಾರದು. ಇವತ್ತಿಗೂ ಅದನ್ನೇ ಹೇಳುತ್ತೇನೆ. ಅದು ಪುದೀನದ ಮೇಲೆ ಏರಿ ಕೂರುತ್ತದೆ. ಆದರೆ ತೆಗೆಯುವ ದಾರಿಯಿರಲಿಲ್ಲ, ಜನ ನಿಂತಿದ್ದರು. ಅಂಕಲ್‌ಗೆ ಎರಡನೇ ಲೋಟ ಕೊಟ್ಟೆ. ಎಳೆದರು, ಲೋಟದೊಳಗೆ ಇಣುಕಿ ನೋಡಿದರು, ಮತ್ತೆ ಎಳೆದರು. "ಇದು ಬ್ಯಾರೇನ ಐತಿ ಬಿಡು," ಎಂದು ಅಲ್ಲಿಯೇ ಫ್ರಿಜ್ಜಿಗೆ ಒರಗಿ ನಿಂತರು.

ಆಮೇಲೆ ಡಾಕ್ಟರ್ ಆಂಟಿ ಬಂದರು. "ನಂಗೆ ಅರ್ಧ ಹಾಕು. ಅರ್ಧ ಅಂದ್ರೆ ಅರ್ಧ," ಎಂದರು, ತಮ್ಮ ಗಂಡನಿಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿ. ಬೇಡವೆಂದವರೂ ಇದ್ದರು. ಇಬ್ಬರು ತಟ್ಟೆ ಎತ್ತಿಕೊಂಡು ಹಾಲಿಗೆ ಹೋದರು, ಹೋಗುವಾಗ ಅಮ್ಮನಿಗೆ ಏನೋ ಅಂದರು. ಅವರಿಗೆ ನಿಂಬೆ ಶರಬತ್ತು ಮಾಡಿ ಕಳಿಸಿದೆ, ಹಿಮ ಕಟ್ಟಿದ ಅದೇ ಲೋಟದಲ್ಲಿ. ನನಗೂ ಒಂದು ಮಾಡಿಕೊಂಡೆ. ಕಟ್ಟೆಯ ಹಿಂದೆ ಬಾಗಿ ಅಲ್ಲ, ನಿಂತು, ಎಲ್ಲರಿಗೂ ಕಾಣುವ ಹಾಗೆ ಕುಡಿದೆ. ಭೂಮಿಯೇನೂ ಬಾಯಿ ಬಿಡಲಿಲ್ಲ. ಒಬ್ಬ ಆಂಟಿ, "ನಿನ್ನ ಕೆಲಸ ಹೇಗಿದೆಯೇ?" ಎಂದು ಕೇಳಿದರು.

ಐದು ಗಂಟೆಯ ಸುಮಾರಿಗೆ ಅಪ್ಪ ಬಂದರು, ಕೈಯಲ್ಲಿ ಟ್ರೇ. "ನಾಲ್ಕು ಕೊಡು. ಆ ಕಡೆ ಕೇಳ್ತಿದಾರೆ. ನಾನೇ ತಗೊಂಡು ಹೋಗ್ತೀನಿ."

ಅವರು ಅಷ್ಟು ದೂರ ನಡೆದು ಬಂದಿದ್ದರು. ಮಗಳ ಲೋಟವನ್ನು ತಾವೇ ಹೊತ್ತು ಹಂಚುತ್ತೇನೆ ಎಂದು ಬಂದಿದ್ದರು. ಕೊಟ್ಟುಬಿಡಬಹುದಿತ್ತು. ಆದರೆ ನಾಲ್ಕು ಲೋಟ ಆ ಬಾಗಿಲು ದಾಟಿದರೆ ಮುಂದಿನ ವರ್ಷ ನಲವತ್ತೂ ದಾಟುತ್ತವೆ. ನಾನು ಒಳಗೆ ಮಾಡುವವಳು, ಅವರು ಅಲ್ಲಿ ಬಚ್ಚಿಟ್ಟು ಕುಡಿಯುವವರು ಎಂದಾಗುತ್ತದೆ.

"ಅವರನ್ನೇ ಇಲ್ಲಿಗೆ ಕರೀರಿ ಅಪ್ಪಾ. ನಿಮಗೂ ಇಲ್ಲೇ ಕೊಡ್ತೀನಿ."

"ನಾಲ್ಕು ಲೋಟ, ಅಷ್ಟೇ."

"ಗೊತ್ತು. ಅಲ್ಲಿಗೆ ಕಳಿಸಲ್ಲ."

ಅಪ್ಪ ಖಾಲಿ ಟ್ರೇ ಹಿಡಿದು ವಾಪಸು ಹೋದರು. ಸ್ವಲ್ಪ ಹೊತ್ತಿಗೆ ಗ್ಯಾರೇಜಿನಿಂದ ಒಬ್ಬೊಬ್ಬರೇ, ಬಾತ್‌ರೂಮಿಗೆ ಬಂದವರಂತೆ ಬಂದು, ಕಟ್ಟೆಯ ಹತ್ತಿರ ನಿಂತರು. ಆಂಟಿಯರ ಮುಂದೆಯೂ ಯಾರೂ ಲೋಟ ಬಚ್ಚಿಡಲಿಲ್ಲ. ಅಪ್ಪ ಮಾತ್ರ ಬರಲಿಲ್ಲ. ಅಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ, "ಒಬ್ಬರೇ ಕೂತಿದಾರೆ. ಒಂದು ಕೊಟ್ಟು ಬಾರೇ," ಎಂದಳು.

"ಇಲ್ಲ ಅಮ್ಮ."

"ಕಲ್ಲು ನೀನು."

"ಇರ್ಲಿ."

ಊಟಕ್ಕೆ ಅಪ್ಪ ಒಳಗೆ ಬಂದರು, ಬಿಸಿಬೇಳೆಬಾತು ಬಡಿಸಿಕೊಂಡರು, ಎಲ್ಲರ ಜೊತೆ ನಗುತ್ತಾ ಮಾತಾಡಿದರು. ನನ್ನ ಕಟ್ಟೆಯ ಕಡೆ ತಿರುಗಲಿಲ್ಲ. ಅವರು ಆ ದಿನ ಜೂಲೆಪ್ ಕುಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವರು ಗ್ಯಾರೇಜಿನಲ್ಲಿ ಕುರ್ಚಿ ಮಡಚುತ್ತಿದ್ದರು. ನನಗಾಗಿ ಹಾಕಿದ್ದ ಟೇಬಲ್ ಹಾಗೇ ಇತ್ತು, ಬಿಳಿ ಬಟ್ಟೆಯ ಮೇಲೆ ಒಂದು ಕಲೆಯೂ ಇಲ್ಲ. ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದು ತುದಿ ಹಿಡಿದರು, ಬಟ್ಟೆ ಮಡಚಿದೆವು.

"ಮುಂದಿನ ವರ್ಷನೂ ಮಾಡ್ತೀಯ?" ಎಂದರು.

"ಮಾಡ್ತೀನಿ."

"ಅಡುಗೆಮನೇಲೇ?"

"ಹೂಂ."

ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚಿದರು. "ಎಲ್ಲಾ ಆ ಕಡೆ ಹೋದ್ರೆ ಮತ್ತೆ ನಾನೆಲ್ಲಿ ಕೂತ್ಕೊಳ್ಳಲಿ?"

ಅದು ಜಗಳದ ಮಾತಲ್ಲ. ಅವರು ನಿಜವಾಗಿ ಕೇಳುತ್ತಿದ್ದರು.

"ನಿಮ್ಮ ಮನೆ ಅಪ್ಪಾ, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ನಾನು ಮಾತ್ರ ಇಲ್ಲಿಗೆ ಬರಲ್ಲ."

ಅವರು ತಲೆಯಾಡಿಸಿದರು. ಒಪ್ಪಿದ್ದಲ್ಲ, ಕೇಳಿಸಿತು ಎಂದು ಅಷ್ಟೇ. ಟೇಬಲಿನ ಕಾಲು ಮಡಚಿ ಗೋಡೆಗೆ ಒರಗಿಸಿದರು. ಗ್ಯಾರೇಜಿನ ದೊಡ್ಡ ಬಾಗಿಲನ್ನು ಎತ್ತಿ, ಹೊರಗೆ ನನ್ನ ಕಾರಿನ ಹಿಂದೆ ನಿಂತಿದ್ದ ತಮ್ಮ ಕಾರನ್ನು ಪಕ್ಕಕ್ಕೆ ಸರಿಸಲು ಹೋದರು.